ಹಡಗು ಮುಳುಗುವುದು ದಡದಲ್ಲಿ

ತಗಡಿನ ಒಂದು ಸಣ್ಣ ಡಬ್ಬಿಗೆ ಅರ್ಧ ಮಟ್ಟ ಕಬ್ಬಿಣದ ಅದಿರಿನ ಪುಡಿ ತುಂಬಿ, ಗೇಣೆತ್ತರದಿಂದ ಗಟ್ಟಿ ನೆಲದ ಮೇಲೆ ಇಪ್ಪತ್ತೈದು ಸಲ ಕುಕ್ಕಬೇಕು. ಆಮೇಲೆ ಒಳಗೆ ನೋಡಬೇಕು. ಪುಡಿಯ ಮೇಲೆ ನೀರು ಜಿನುಗಿದ್ದರೆ, ಅಥವಾ ಅದು ಕಲಸಿದ ಹಿಟ್ಟಿನಂತೆ ಒದ್ದೆಯಾಗಿ ಹೊಳೆಯುತ್ತಿದ್ದರೆ, ಆ ಅದಿರನ್ನು ಹಾಗೆಯೇ ಹಡಗಿಗೆ ತುಂಬಕೂಡದು. ಮೊದಲು ಪ್ರಯೋಗಾಲಯಕ್ಕೆ ಕಳಿಸಬೇಕು. ಯಾವ ಯಂತ್ರವೂ ಇಲ್ಲದೆ ಧಕ್ಕೆಯ ಮೇಲೆ ನಿಂತೇ ಮಾಡಬಹುದಾದ ಈ ಪರೀಕ್ಷೆಯನ್ನು ನಾವಿಕರು ‘ಕ್ಯಾನ್ ಟೆಸ್ಟ್’ ಎನ್ನುತ್ತಾರೆ. 2009ರ ಜುಲೈ ತಿಂಗಳಲ್ಲಿ, ಮುಂಗಾರು ಜೋರಾಗಿದ್ದಾಗ, ನವಮಂಗಳೂರು ಬಂದರಿನಿಂದ ಅದಿರಿನ ಪುಡಿ ತುಂಬಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ನಮ್ಮ ಕರಾವಳಿ ದಾಟುವ ಮೊದಲೇ ವಾಲಿತು, ಮುಳುಗಿತು. ಹದಿನೆಂಟು ಮಂದಿ ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಎರಡು ತಿಂಗಳೊಳಗೆ ಒಡಿಶಾದ ಪಾರಾದೀಪದ ಎದುರು ‘ಬ್ಲ್ಯಾಕ್ ರೋಸ್’ ಎಂಬ ಇನ್ನೊಂದು ಅದಿರಿನ ಹಡಗು ಅದೇ ರೀತಿ ಮಗುಚಿತು. ಮಳೆಗಾಲದ ಕಡಲು ಒರಟು, ಅಲೆ ದೊಡ್ಡದು, ಹಡಗು ಮುಳುಗಿತು ಎಂದು ಕಥೆ ಮುಗಿಸಿಬಿಡಬಹುದು. ಆದರೆ ಬಯಲಿನಲ್ಲಿ ರಾಶಿ ಹಾಕಿದ ಅದಿರು ಮಳೆಯಲ್ಲಿ ನೆನೆದರೆ ಏನಾಗುತ್ತದೆಂದು ಕೇಳಿದರೆ ಕಥೆ ಬೇರೆ ದಾರಿ ಹಿಡಿಯುತ್ತದೆ.

ನೆನೆದ ಪುಡಿ ಮೊದಲ ದಿನ ಗಟ್ಟಿ ಮಣ್ಣಿನ ದಿಬ್ಬದಂತೆಯೇ ಕಾಣುತ್ತದೆ. ಅದರ ಮೇಲೆ ನಡೆದಾಡಲೂಬಹುದು. ಹಡಗಿನ ಎಂಜಿನ್ನಿನ ನಡುಕ ಮತ್ತು ಅಲೆಯ ತೂಗಾಟಕ್ಕೆ ಕಣಗಳು ಒತ್ತೊತ್ತಾಗಿ ಕೂರತೊಡಗುತ್ತವೆ. ನಡುವಿನ ನೀರಿಗೆ ಹೋಗಲು ಜಾಗವಿಲ್ಲ. ನೀರಿನ ಒತ್ತಡ ಏರಿ ಕಣಗಳು ಒಂದನ್ನೊಂದು ಹಿಡಿದುಕೊಂಡಿದ್ದ ಹಿಡಿತ ತಪ್ಪುತ್ತದೆ, ಸಾವಿರಾರು ಟನ್ ಮಣ್ಣು ಒಮ್ಮೆಗೇ ಕೆಸರಾಗುತ್ತದೆ. ಹಡಗು ಬಲಕ್ಕೆ ವಾಲಿದಾಗ ಆ ಕೆಸರು ಬಲಕ್ಕೆ ಹರಿಯುತ್ತದೆ. ಎಡಕ್ಕೆ ಮರಳುವಾಗ ಪೂರ್ತಿ ಮರಳುವುದಿಲ್ಲ. ಮುಂದಿನ ಅಲೆಗೆ ವಾಲು ಇನ್ನಷ್ಟು. ನಾವಿಕನಿಗೆ ಯೋಚಿಸಲು ಸಿಗುವುದು ಕೆಲವು ಗಂಟೆ, ಕೆಲವೊಮ್ಮೆ ಕೆಲವೇ ನಿಮಿಷ. 2010ರ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದೊಳಗೆ ‘ಜಿಯಾನ್ ಫು ಸ್ಟಾರ್’, ‘ನಾಸ್ಕೋ ಡೈಮಂಡ್’, ‘ಹಾಂಗ್ ವೇ’ ಎಂಬ ಮೂರು ಹಡಗುಗಳು ಒದ್ದೆ ನಿಕ್ಕಲ್ ಅದಿರು ಹೊತ್ತು ಮುಳುಗಿ 44 ನಾವಿಕರು ಸತ್ತರು. 2015ರ ಜನವರಿಯಲ್ಲಿ ಮಲೇಷ್ಯಾದಿಂದ ಬಾಕ್ಸೈಟ್ ಹೊತ್ತು ಹೊರಟ ‘ಬಲ್ಕ್ ಜುಪಿಟರ್’ ವಿಯೆಟ್ನಾಮಿನ ಎದುರು ಮುಳುಗಿದಾಗ ಹತ್ತೊಂಬತ್ತು ಮಂದಿಯಲ್ಲಿ ಬದುಕಿದವನು ಒಬ್ಬನೇ. ಸರಕಿನಲ್ಲಿ ಇರಬಹುದಾದ ತೇವದ ಮಿತಿ ಎಷ್ಟೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ತೇವ ಎಷ್ಟಿದೆ ಎಂದು ಬರೆದುಕೊಡುವವನು ಸರಕು ಕಳಿಸುವವನು. ಪ್ರಶ್ನೆಪತ್ರಿಕೆಯನ್ನೂ ಉತ್ತರಪತ್ರಿಕೆಯನ್ನೂ ಒಬ್ಬನ ಕೈಗೇ ಕೊಟ್ಟಂತೆ.

ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು ಎಂಬ ಮಾತು ಪತ್ರಿಕೆಯ ತಲೆಬರಹಕ್ಕೆ ಸಾಕು, ಕಾರಣವೆಂದು ಒಪ್ಪಲು ಸಾಲದು. ಕಳೆದ ಒಂದೂವರೆ ಶತಮಾನದ ದೊಡ್ಡ ದುರಂತಗಳ ತನಿಖೆಗಳನ್ನು ಒಟ್ಟಿಗಿಟ್ಟು ಓದಿದರೆ ಎದ್ದು ಕಾಣುವುದು ಇದು: ಬಿರುಗಾಳಿ ಹಡಗಿನಲ್ಲಿ ಹೊಸ ತೂತು ಕೊರೆಯುವುದು ಅಪರೂಪ, ದಡದಲ್ಲಿ ಯಾರೋ ಮುಚ್ಚದೆ ಬಿಟ್ಟ ತೂತನ್ನು ಹುಡುಕಿಕೊಂಡು ಬರುವುದೇ ಹೆಚ್ಚು. ಆ ತೂತು ಕೆಲವೊಮ್ಮೆ ನಿಜವಾಗಿಯೂ ಕಬ್ಬಿಣದಲ್ಲಿರುತ್ತದೆ, ಕೆಲವೊಮ್ಮೆ ಕಾನೂನಿನಲ್ಲಿ, ಕೆಲವೊಮ್ಮೆ ಕ್ಯಾಪ್ಟನ್ ಮತ್ತು ಕಚೇರಿಯ ನಡುವಿನ ಮಾತಿನಲ್ಲಿ.

ಇದಕ್ಕೆ ಮೊದಲ ಆಕ್ಷೇಪ ಕಡಲಿನ ಕಡೆಯಿಂದಲೇ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಲೆಯ ಎತ್ತರ ಗಾಳಿಯ ವೇಗವೊಂದನ್ನೇ ನಂಬಿಕೊಂಡಿಲ್ಲ; ಎಷ್ಟು ಹೊತ್ತು ಬೀಸಿತು, ಎಷ್ಟು ದೂರ ತಡೆಯಿಲ್ಲದೆ ಬೀಸಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹವಾಮಾನ ವರದಿಯಲ್ಲಿ ಹೇಳುವ ಅಲೆಯ ಎತ್ತರ ಎಲ್ಲಕ್ಕಿಂತ ದೊಡ್ಡ ಅಲೆಯದಲ್ಲ, ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ. ಐದು ಮೀಟರ್ ಎಂದು ಬರೆದಿದ್ದ ದಿನ ಒಂಟಿ ಅಲೆಯೊಂದು ಒಂಬತ್ತು ಮೀಟರಿಗೆ ಎದ್ದರೆ ವರದಿ ಸುಳ್ಳಾಯಿತೆಂದು ಅರ್ಥವಲ್ಲ. ಇದನ್ನೂ ಮೀರಿದ ಅಲೆಗಳಿವೆ. ಗೋಡೆಯಂತೆ ಎದ್ದು ಬರುವ ಅಲೆಯ ಬಗ್ಗೆ ನಾವಿಕರು ತಲೆಮಾರುಗಳಿಂದ ಹೇಳುತ್ತಿದ್ದುದನ್ನು ವಿಜ್ಞಾನಿಗಳು ಬಹುಕಾಲ ಹೆಂಡದ ಮಾತೆಂದೇ ಬಗೆದಿದ್ದರು. 1995ರ ಜನವರಿ 1ರಂದು ನಾರ್ವೆಗೆ ಸೇರಿದ ಡ್ರಾಪ್ನರ್ ಅನಿಲ ವೇದಿಕೆಯ ಉಪಕರಣ 25.6 ಮೀಟರ್ ಎತ್ತರದ ಅಲೆಯೊಂದನ್ನು ದಾಖಲಿಸಿತು; ಸುತ್ತಲಿನ ಕಡಲಿನ ಅಲೆಮಟ್ಟ ಆಗ ಹೆಚ್ಚು ಕಡಿಮೆ ಹನ್ನೆರಡು ಮೀಟರ್. ಅದಕ್ಕೂ ಹದಿನಾರು ವರ್ಷ ಹಿಂದೆ, 1978ರ ಡಿಸೆಂಬರಿನಲ್ಲಿ, ‘ಮ್ಯೂನ್ಷೆನ್’ ಎಂಬ ಜರ್ಮನ್ ಹಡಗು 28 ಮಂದಿಯೊಂದಿಗೆ ಅಟ್ಲಾಂಟಿಕ್‌ನಲ್ಲಿ ಕಾಣೆಯಾಗಿತ್ತು. ಸಿಕ್ಕಿದ ಕೆಲವೇ ವಸ್ತುಗಳಲ್ಲಿ ಒಂದು ಜೀವರಕ್ಷಕ ದೋಣಿ. ನೀರಿನ ಮಟ್ಟದಿಂದ ಇಪ್ಪತ್ತು ಮೀಟರ್ ಮೇಲೆ ಅದನ್ನು ತೂಗುಹಾಕಿದ್ದ ಉಕ್ಕಿನ ಗೂಟ ಬಾಗಿಹೋಗಿತ್ತು. ಅಷ್ಟು ಎತ್ತರಕ್ಕೆ ಬಂದು ಬಡಿಯಬಲ್ಲದ್ದು ನೀರಲ್ಲದೆ ಬೇರೇನಿದೆ? ಹಾಗಾಗಿ ಯಾರ ತಪ್ಪೂ ಇಲ್ಲದೆ ಕಡಲೇ ನುಂಗಿದ ಹಡಗುಗಳು ಇವೆ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆದರೆ ಯಾವುದು ಅಂಥದ್ದು, ಯಾವುದು ಅಲ್ಲ ಎಂದು ಹುಡುಕದೆ ಹೇಳುವುದು ಹೇಗೆ? ‘ಡರ್ಬಿಶೈರ್’ ಹಡಗಿನ ಪ್ರಕರಣ ಎತ್ತುವುದು ಈ ಪ್ರಶ್ನೆಯನ್ನೇ.

‘ಡರ್ಬಿಶೈರ್’ ಮುದಿ ಹಡಗಲ್ಲ. 1976ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಉದ್ದ ಮುನ್ನೂರು ಮೀಟರಿಗೆ ಹತ್ತಿರ. 1980ರಲ್ಲಿ ಕೆನಡಾದಿಂದ ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಕಬ್ಬಿಣದ ಅದಿರು ಹೊತ್ತು ಜಪಾನಿನ ಕವಾಸಾಕಿಗೆ ಹೊರಟಿತ್ತು. ಸೆಪ್ಟೆಂಬರ್ 9ರಂದು ‘ಆರ್ಕಿಡ್’ ಎಂಬ ಚಂಡಮಾರುತದ ನಡುವೆ ಕಾಣೆಯಾಯಿತು. ಅಪಾಯದ ಕರೆ ಒಂದೂ ಬರಲಿಲ್ಲ. ಹಡಗಿನಲ್ಲಿದ್ದ 44 ಮಂದಿಯೂ ಹೋದರು, ಅವರಲ್ಲಿ ಇಬ್ಬರು ನಾವಿಕರ ಹೆಂಡಂದಿರು. ಔಪಚಾರಿಕ ತನಿಖೆಯೇ ಏಳು ವರ್ಷ ತಡವಾಗಿ ಆರಂಭವಾಗಿ, 1989ರಲ್ಲಿ ಬಂದ ವರದಿ ಪ್ರಕೃತಿಯ ಶಕ್ತಿಗೆ ಹಡಗು ಸೋತಿರಬಹುದು ಎಂದಿತು. ಕಡತ ಮುಚ್ಚಲು ಅದಕ್ಕಿಂತ ಅನುಕೂಲವಾದ ಮಾತಿಲ್ಲ. ಪ್ರಕೃತಿಯನ್ನು ಕಟಕಟೆಗೆ ಕರೆಯುವಂತಿಲ್ಲವಲ್ಲ. ಸತ್ತವರ ಮನೆಯವರು ಮಾತ್ರ ಸುಮ್ಮನಾಗಲಿಲ್ಲ. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಹಣ ಕೊಟ್ಟಿತು, 1994ರಲ್ಲಿ ನಾಲ್ಕು ಕಿಲೋಮೀಟರ್ ಆಳದಲ್ಲಿ ಹಡಗಿನ ಚೂರುಗಳು ಸಿಕ್ಕವು. ಮುಂದೆ ಯಂತ್ರಗಳನ್ನು ಇಳಿಸಿ ಒಂದು ಲಕ್ಷಕ್ಕೂ ಮೀರಿ ಚಿತ್ರ ತೆಗೆದರು. ಆ ಚಿತ್ರಗಳನ್ನು ನೋಡಿದ ತಜ್ಞರ ಮೊದಲ ಊಹೆ ಬೆರಳು ತೋರಿಸಿದ್ದು ಸತ್ತವರ ಕಡೆಗೇ: ಮೂತಿಯ ಭಾಗದ ಉಗ್ರಾಣದ ಮುಚ್ಚಳವನ್ನು ನಾವಿಕರು ಬಿಗಿಯಾಗಿ ಹಾಕಿರಲಿಲ್ಲ, ನೀರು ಅಲ್ಲಿಂದ ನುಗ್ಗಿತು. ಕುಟುಂಬಗಳು ಮತ್ತೆ ಬಾಗಿಲು ತಟ್ಟಿದವು. 2000ದಲ್ಲಿ ಮುಗಿದ ಮರುತನಿಖೆ ನಾವಿಕರನ್ನು ಆ ಆರೋಪದಿಂದ ಪೂರ್ತಿ ಬಿಡುಗಡೆ ಮಾಡಿತು.

ಆ ಮರುತನಿಖೆ ಕಟ್ಟಿಕೊಟ್ಟ ಚಿತ್ರ ಭಯ ಹುಟ್ಟಿಸುವುದು ಅದರ ನಿಧಾನದಿಂದ. ಮೂತಿಯ ಡೆಕ್ಕಿನ ಮೇಲೆ ಗಾಳಿಕೊಳವೆಗಳಿದ್ದವು, ಅಣಬೆಯಂತೆ ಎದ್ದು ನಿಂತ ಸಣ್ಣ ಸಾಮಾನುಗಳು. ಗಂಟೆಗಟ್ಟಲೆ ಬಡಿದ ಅಲೆಗೆ ಅವು ಮುರಿದವು. ಆ ತೂತುಗಳಿಂದ ನೀರು ಒಂದೇ ಸಮನೆ ಮೂತಿಯ ಕೋಣೆಗಳಿಗೆ ಇಳಿಯಿತು. ಹಡಗು ನಡೆಸುವ ಬ್ರಿಜ್ ಇರುವುದು ಹಿಂಭಾಗದಲ್ಲಿ, ಇನ್ನೂರು ಮೀಟರಿಗೂ ಆಚೆ, ರಾತ್ರಿ, ಮಳೆ, ನೊರೆ. ಅಲ್ಲಿಂದ ಇದು ಕಾಣುವಂತಿರಲಿಲ್ಲ. ಮೂತಿ ತಗ್ಗಿದಷ್ಟೂ ಮುಂದಿನ ಅಲೆ ಹೆಚ್ಚು ಭಾರವಾಗಿ ಡೆಕ್ಕಿನ ಮೇಲೆ ಕುಳಿತಿತು. ಕೊನೆಗೆ ಮೊದಲನೇ ಸರಕಿನ ಕೋಣೆಯ ಹ್ಯಾಚ್ ಮುಚ್ಚಳ ಕುಸಿಯಿತು, ಆಮೇಲೆ ಎರಡನೆಯದು, ಮೂರನೆಯದು. ಆ ಮುಚ್ಚಳಗಳು ನಿಯಮಕ್ಕೆ ತಪ್ಪಿ ಕಟ್ಟಿದವಲ್ಲ, 1966ರ ಅಂತರರಾಷ್ಟ್ರೀಯ ಒಪ್ಪಂದ ಕೇಳಿದ ಬಲ ಅವುಗಳಿಗಿತ್ತು. ಆ ಒಪ್ಪಂದ ಕೇಳಿದ್ದೇ ಕಡಿಮೆ. ಚಂಡಮಾರುತ ಇಲ್ಲದಿದ್ದರೆ ಹಡಗು ಮುಳುಗುತ್ತಿರಲಿಲ್ಲ, ನಿಜ. ಮುಚ್ಚಳ ಗಟ್ಟಿಯಿದ್ದು, ಮುಂದಿನ ಕೋಣೆಗೆ ನೀರು ಬಂದರೆ ಬ್ರಿಜ್‌ನಲ್ಲಿ ಗಂಟೆ ಬಾರಿಸುವ ಒಂದು ಉಪಕರಣ ಇದ್ದಿದ್ದರೂ ಬಹುಶಃ ಮುಳುಗುತ್ತಿರಲಿಲ್ಲ. ಈ ಎರಡರಲ್ಲಿ ಯಾವುದನ್ನು ಕಾರಣವೆಂದು ಕರೆಯುತ್ತೇವೆ ಎಂಬುದು ನಾವು ಏನು ಮಾಡಲು ತಯಾರಿದ್ದೇವೆ ಎಂಬುದರ ಮೇಲೆ ನಿಂತಿದೆ. ಇಂದು ಅದಿರಿನ ಹಡಗುಗಳಿಗೆ ಗಟ್ಟಿ ಮುಚ್ಚಳವೂ ಆ ಎಚ್ಚರಿಕೆಯ ಗಂಟೆಯೂ ಕಡ್ಡಾಯ. ‘ಪ್ರಕೃತಿಯ ಶಕ್ತಿ’ ಎಂದು ಬರೆದು ನಿಲ್ಲಿಸಿದ್ದರೆ ಅವು ಬರುತ್ತಿರಲಿಲ್ಲ.

ದಡದವರ ಹೊಣೆಯ ಮಾತು ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ಕೊಳೆತ ಹಡಗಿಗೆ ಮಿತಿಮೀರಿ ಸರಕು ತುಂಬಿ, ಹೆಚ್ಚು ಬೆಲೆಗೆ ವಿಮೆ ಮಾಡಿಸಿ ಕಡಲಿಗೆ ಬಿಡುವುದಿತ್ತು. ಮುಳುಗಿದರೂ ಮಾಲೀಕನಿಗೆ ನಷ್ಟವಿಲ್ಲ. ಅಂಥ ಹಡಗನ್ನು ಹತ್ತಲಾರೆ ಎಂದ ನಾವಿಕನಿಗೆ ಜೈಲು. ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಇದರ ವಿರುದ್ಧ ಬರೆದು, ಸದನದಲ್ಲಿ ಕೂಗಾಡಿ, 1876ರ ಕಾಯಿದೆಯಲ್ಲಿ ಹಡಗಿನ ಪಕ್ಕಕ್ಕೆ ಭಾರದ ಗೆರೆಯೊಂದನ್ನು ಎಳೆಸಿದ. ಗೆರೆ ಎಲ್ಲಿರಬೇಕೆಂಬುದನ್ನು ಮಾತ್ರ ಆ ಕಾಯಿದೆ ಮಾಲೀಕನಿಗೇ ಬಿಟ್ಟಿತ್ತು! ಅದು ಸರಿಹೋಗಲು 1890ರವರೆಗೆ ಕಾಯಬೇಕಾಯಿತು. ಇಂದು ಪಣಂಬೂರಿನಲ್ಲೋ ಕಾರವಾರದಲ್ಲೋ ನಿಂತ ಯಾವುದೇ ಸರಕು ಹಡಗಿನ ನಡುಪಕ್ಕವನ್ನು ನೋಡಿದರೆ ಒಂದು ವೃತ್ತ, ಅದನ್ನು ಸೀಳಿಕೊಂಡು ಹೋದ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂತೆ ಸಣ್ಣ ಗೆರೆಗಳು ಕಾಣುತ್ತವೆ. ಉಷ್ಣವಲಯದ ಕಡಲಿಗೆ ಒಂದು ಗೆರೆ, ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು. ಕಡಲು ಒರಟಾದಷ್ಟೂ ಭಾರ ಕಡಿಮೆ ಇರಲಿ ಎಂಬ ಲೆಕ್ಕ. ಬಿರುಗಾಳಿಗೆ ದಡದಲ್ಲೇ ಉತ್ತರ ಬರೆದಿಡುವುದೆಂದರೆ ಇದು. ನಮ್ಮ ಕರಾವಳಿಗೂ ತನ್ನದೇ ಪಾಠಗಳಿವೆ. ಜನ ‘ವೀಜಳಿ’ ಎಂದು ಕರೆಯುತ್ತಿದ್ದ ‘ವೈತರಣಾ’ ಹಡಗು 1888ರ ನವೆಂಬರಿನಲ್ಲಿ ಕಛ್‌ನ ಮಾಂಡ್ವಿಯಿಂದ ಮುಂಬೈಗೆ ಹೊರಟು ನೂರಾರು ಜನರೊಂದಿಗೆ ಕಾಣೆಯಾಯಿತು. ಗುಜರಾತಿನ ಜನಪದ ಹಾಡುಗಳಲ್ಲಿ ಅದರ ದುಃಖ ಇನ್ನೂ ಉಳಿದಿದೆ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ತಿಂಗಳಿಗೂ ಕಡಿಮೆ ಇದ್ದಾಗ, ‘ರಾಮದಾಸ್’ ಎಂಬ ಹಡಗು ಮುಂಬೈ ಬಂದರಿನಿಂದ ಹೆಚ್ಚು ದೂರವಿಲ್ಲದಲ್ಲಿ, ಮಳೆಗಾಲದ ಕಡಲಿನಲ್ಲಿ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು: ಹಡಗು ಗಟ್ಟಿಯೋ ಅಲ್ಲವೋ, ಬಿರುಗಾಳಿಯ ಬಾಯಿಗೆ ಅದನ್ನು ಒಯ್ದವನು ಕ್ಯಾಪ್ಟನ್ ತಾನೆ? ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಸ್ಪಷ್ಟವಾಗಿಯೇ ಹೇಳುತ್ತದೆ, ಸುರಕ್ಷತೆಗಾಗಿ ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನಕ್ಕೆ ಮಾಲೀಕನಾಗಲಿ ಬಾಡಿಗೆಗೆ ಹಿಡಿದವನಾಗಲಿ ಅಡ್ಡಿ ಮಾಡಕೂಡದು. ಅಧಿಕಾರ ಅವನದು, ಹಾಗಾಗಿ ಹೊಣೆಯೂ ಅವನದು. 2015ರ ಅಕ್ಟೋಬರ್ 1ರಂದು ಬಹಾಮಾಸ್ ದ್ವೀಪಗಳ ಬಳಿ ‘ವಾಕಿನ್’ ಚಂಡಮಾರುತದಲ್ಲಿ 33 ಮಂದಿಯೊಂದಿಗೆ ಮುಳುಗಿದ ಅಮೆರಿಕದ ‘ಎಲ್ ಫಾರೊ’ ಈ ವಾದಕ್ಕೆ ತಕ್ಕ ಸಾಕ್ಷಿಯಂತೆ ಕಾಣುತ್ತದೆ. ಕಡಲತಳದಿಂದ ಮೇಲೆತ್ತಿದ ಧ್ವನಿಮುದ್ರಿಕೆಯಲ್ಲಿ ಬ್ರಿಜ್‌ನ ಇಪ್ಪತ್ತಾರು ಗಂಟೆಗಳ ಮಾತುಕತೆ ಇತ್ತು. ರಾತ್ರಿ ಪಾಳಿಯಲ್ಲಿದ್ದ ಕಿರಿಯ ಅಧಿಕಾರಿಗಳು ಚಂಡಮಾರುತ ದಾರಿಗೆ ಅಡ್ಡ ಬರುತ್ತಿರುವುದನ್ನು ಕಂಡು ಕೋಣೆಯಲ್ಲಿದ್ದ ಕ್ಯಾಪ್ಟನ್ನಿಗೆ ಫೋನ್ ಮಾಡಿದರು, ದಕ್ಷಿಣಕ್ಕೆ ತಿರುಗೋಣವೆಂದರು. ದಾರಿ ಬದಲಾಗಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಕ್ಯಾಪ್ಟನ್ನಿನ ತೀರ್ಮಾನವನ್ನೇ ಮುಖ್ಯ ಕಾರಣಗಳ ಸಾಲಿಗೆ ಸೇರಿಸಿತು. ಸರಿಯಾಗಿಯೇ ಸೇರಿಸಿತು.

ಆದರೆ ಆ ವರದಿ ಅಲ್ಲಿಗೆ ನಿಲ್ಲುವುದಿಲ್ಲ. ಕ್ಯಾಪ್ಟನ್ ನಂಬಿಕೊಂಡಿದ್ದ ಹವಾಮಾನ ಸೇವೆಯ ಚಿತ್ರಗಳು ಗಂಟೆಗಟ್ಟಲೆ ಹಳೆಯವು. ಒಂದು ಸಂದರ್ಭದಲ್ಲಿ ಹೊಸದೆಂದು ಬಂದ ಕಡತದಲ್ಲಿದ್ದ ಚಂಡಮಾರುತದ ಜಾಡು ಹೆಚ್ಚು ಕಡಿಮೆ ಒಂದು ದಿನದಷ್ಟು ಹಿಂದಿನದು. ಅವನ ಕಣ್ಣೆದುರಿಗಿದ್ದ ಚಂಡಮಾರುತ ಒಂದು ಕಡೆ, ನಿಜವಾದದ್ದು ಇನ್ನೊಂದು ಕಡೆ. ಹಡಗು 1975ರದ್ದು. ಹಳೆಯದಾದ್ದರಿಂದ ಹೊಸ ನಿಯಮ ಅನ್ವಯಿಸದೆ, ಮುಚ್ಚಿದ ಜೀವರಕ್ಷಕ ದೋಣಿಗಳ ಬದಲು ಮೇಲ್ಗಡೆ ತೆರೆದ ದೋಣಿಗಳೇ ಉಳಿದಿದ್ದವು. ಆ ಗಾಳಿಯಲ್ಲಿ ಅವು ಇದ್ದೂ ಇಲ್ಲದಂತೆ. ಡೆಕ್ಕಿನ ಒಂದು ಸಣ್ಣ ಬಾಗಿಲಿನಿಂದ ನೀರು ಒಳಬಂದು ಹಡಗು ಪಕ್ಕಕ್ಕೆ ವಾಲಿ ನಿಂತಿತು. ವಾಲಿದ್ದಕ್ಕೆ ಎಂಜಿನ್ನಿನ ಎಣ್ಣೆ ತೊಟ್ಟಿಯಲ್ಲಿ ಒಂದು ಪಕ್ಕ ಸರಿದು ಹೀರುಕೊಳವೆಗೆ ಸಿಗದಾಯಿತು. ಎಂಜಿನ್ ನಿಂತಿತು. ಎಂಜಿನ್ ನಿಂತ ಹಡಗು ಅಲೆಗೆ ಪಕ್ಕ ಕೊಟ್ಟು ಬಿದ್ದುಕೊಳ್ಳುತ್ತದೆ, ಬಿರುಗಾಳಿಯಲ್ಲಿ ಅದಕ್ಕಿಂತ ಕೆಟ್ಟ ಭಂಗಿಯಿಲ್ಲ. ಈ ಸರಪಳಿಯಲ್ಲಿ ಕ್ಯಾಪ್ಟನ್ ಒಂದು ಕೊಂಡಿ. ಅವನಿಗೆ ಸಮಯಕ್ಕೆ ಸರಿಯಾದ ನಕ್ಷೆ ಕೊಡಬೇಕಾದವರು, ಕಿರಿಯರ ಮಾತಿಗೆ ಬೆಲೆ ಬರುವಂಥ ಪದ್ಧತಿ ಬೆಳೆಸಬೇಕಾದವರು, ನಲವತ್ತು ವರ್ಷದ ಹಡಗಿಗೆ ವಿನಾಯಿತಿ ಕೊಟ್ಟವರು ಎಲ್ಲರೂ ದಡದಲ್ಲಿ ಕ್ಷೇಮವಾಗಿದ್ದರು. ಕಾನೂನಿನ ಪುಸ್ತಕದಲ್ಲಿ ಕ್ಯಾಪ್ಟನ್ ರಾಜ. ಕರಾರು ಮುಗಿದ ಮೇಲೆ ಮುಂದಿನ ಹಡಗು ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ನೌಕರನೂ ಅವನೇ.

ಕ್ಯಾಪ್ಟನ್ ಸತ್ತ ಮೇಲೆ ತಪ್ಪನ್ನು ಅವನ ತಲೆಗೆ ಕಟ್ಟುವುದು ಎಷ್ಟು ಸುಲಭ ಎಂಬುದನ್ನು 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನಾವೂ ನೋಡಿದೆವು. ಮುಂಬೈ ಆಚೆಯ ತೈಲ ಬಾವಿಗಳ ಬಳಿ ಕೆಲಸಗಾರರ ವಸತಿಗೆಂದು ಲಂಗರು ಹಾಕಿದ್ದ ‘ಪಿ-305’ ಎಂಬ ಬಾರ್ಜ್‌ನಲ್ಲಿ 261 ಮಂದಿ ಇದ್ದರು. ಬಾರ್ಜ್ ಎಂದರೆ ತೇಲುವ ಕಟ್ಟಡ. ಅದಕ್ಕೆ ಸ್ವಂತ ಎಂಜಿನ್ ಇಲ್ಲ, ಟಗ್ ಎಳೆದರೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಲಂಗರುಗಳು ಕಿತ್ತುಹೋಗಿ, ತೇಲಿ, ಮೇ 17ರಂದು ಮುಳುಗಿತು. ನೌಕಾಪಡೆ ಉಳಿಸಿದ್ದು 186 ಜನರನ್ನು. ಬೆಂಬಲಕ್ಕಿದ್ದ ‘ವರಪ್ರದಾ’ ಟಗ್‌ನಲ್ಲಿ ಸತ್ತವರೂ ಸೇರಿ ಒಟ್ಟು 86 ಸಾವು. ಹವಾಮಾನ ಇಲಾಖೆಯ ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಬಾರ್ಜ್‌ನ ಹೊಣೆ ಹೊತ್ತಿದ್ದ ಮಾಸ್ಟರ್ ಅದನ್ನು ಕಡೆಗಣಿಸಿದ ಎಂಬ ಆರೋಪ ಬಂತು. ಉತ್ತರ ಕೊಡಲು ಅವನು ಬದುಕಿರಲಿಲ್ಲ. ಇರಲಿ, ಅವನ ತಪ್ಪೇ ಎನ್ನೋಣ. ಎಂಜಿನ್ ಇಲ್ಲದ ತೆಪ್ಪದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು ಚಂಡಮಾರುತದ ದಾರಿಯಲ್ಲಿ ಇರಿಸಿ, ಅವರ ಪ್ರಾಣವನ್ನು ಒಬ್ಬನ ಅಂದಾಜಿಗೆ ಬಿಟ್ಟ ವ್ಯವಸ್ಥೆ ಯಾರದು? ಅದೇ ಚಂಡಮಾರುತ ಮುಂಬೈಗೆ ಹೋಗುವ ದಾರಿಯಲ್ಲಿ ನಮ್ಮ ಕರಾವಳಿಯನ್ನೂ ಸವರಿಕೊಂಡು ಹೋಗಿತ್ತು. ಮಂಗಳೂರಿನ ಎದುರು ಒಂದು ಟಗ್ ಮಗುಚಿ ಪ್ರಾಣಹಾನಿಯಾಯಿತು. ‘ಕೋರಮಂಡಲ್ ಸಪೋರ್ಟರ್ 9’ ಎಂಬ ಇನ್ನೊಂದು ಮೂಲ್ಕಿಯ ಬಳಿ ಬಂಡೆಗೆ ಸಿಕ್ಕಿ, ಅದರಲ್ಲಿದ್ದ ಒಂಬತ್ತು ಮಂದಿಯನ್ನು ಕರಾವಳಿ ಕಾವಲು ಪಡೆಯ ದೋಣಿ, ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಹೊರತಂದವು. ಕಾಪು, ಪಡುಬಿದ್ರಿಯ ದಡದಲ್ಲಿ ನಿಂತ ಜನಕ್ಕೆ ಕಾಣುವಷ್ಟು ಹತ್ತಿರ.

ಗಾಳಿ ಬಂದಾಗಲೆಲ್ಲ ಹಡಗು ಬಂದರಿನಲ್ಲೇ ಅಡಗಿ ಕೂತರೆ ವ್ಯಾಪಾರ ನಡೆಯುವುದೆಂತು ಎಂದು ಕೇಳುವವರಿದ್ದಾರೆ. ಯಾರೂ ಹಾಗೆ ಕೂರಬೇಕೆನ್ನುತ್ತಿಲ್ಲ. ಎಲ್ ಫಾರೊಗೆ ದ್ವೀಪಗಳ ಮರೆಯಲ್ಲಿ ಹೋಗುವ ಇನ್ನೊಂದು ದಾರಿಯಿತ್ತು, ತಗಲುತ್ತಿದ್ದದ್ದು ಕೆಲವು ಗಂಟೆ ಹೆಚ್ಚು. ಚಂಡಮಾರುತದಿಂದ ತಪ್ಪಿಸಿಕೊಳ್ಳುವ ಲೆಕ್ಕಾಚಾರವೂ ಇಂದಿನದಲ್ಲ. ‘ಸೈಕ್ಲೋನ್’ ಎಂಬ ಪದವನ್ನು ಟಂಕಿಸಿ, ಅದು ಸುತ್ತುವ ಬಗೆಯನ್ನು ನಾವಿಕರಿಗೆ ವಿವರಿಸಿ 1848ರಲ್ಲಿ ಕೈಪಿಡಿ ತಂದ ಹೆನ್ರಿ ಪಿಡಿಂಗ್ಟನ್ ಕಲ್ಕತ್ತೆಯಲ್ಲಿ ಹಡಗು ಅಪಘಾತಗಳ ವಿಚಾರಣಾ ನ್ಯಾಯಾಲಯದ ಅಧ್ಯಕ್ಷನಾಗಿದ್ದವನು. ಮುಳುಗಿದ ಹಡಗುಗಳ ದಿನಚರಿ ಓದಿ ಓದಿಯೇ ಅವನು ಗಾಳಿಯ ಗುಟ್ಟು ಹಿಡಿದದ್ದು. ಇನ್ನು, ಮೂವತ್ತು ವರ್ಷಗಳ ಹಿಂದೆ ಜಗತ್ತಿನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದೊಡ್ಡ ಹಡಗುಗಳು ನಾಶವಾಗುತ್ತಿದ್ದವು, 2023ರಲ್ಲಿ ಆ ಸಂಖ್ಯೆ ಮೂವತ್ತರ ಆಸುಪಾಸಿಗೆ ಇಳಿದಿತ್ತು, ಹೀಗಿರುವಾಗ ಇಷ್ಟು ಗಾಬರಿ ಯಾಕೆ ಎಂಬ ಮಾತೂ ಇದೆ. ಈ ಅಂಕಿ ನನ್ನ ವಾದದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಈ ಮೂವತ್ತು ವರ್ಷದಲ್ಲಿ ಕಡಲು ಸಾಧುವಾಗಿಲ್ಲ. ಅರಬ್ಬಿ ಸಮುದ್ರ ಬಿಸಿಯಾಗಿ ಇನ್ನಷ್ಟು ಮುನಿದಿದೆ. ಬದಲಾದದ್ದು ದಡ.

ದಡದ ಬದಲಾವಣೆ ಎಲ್ಲರಿಗೂ ಸಮನಾಗಿ ತಲುಪಿಲ್ಲ, ದೊಡ್ಡ ಹಡಗಿನ ಲೆಕ್ಕದಲ್ಲಿ ಸಣ್ಣ ಮೀನಿನ ಬೋಟು ಬರುವುದೇ ಇಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕನ್ಯಾಕುಮಾರಿ, ತಿರುವನಂತಪುರದ ಬೋಟುಗಳು ಆಳ ಸಮುದ್ರಕ್ಕೆ ಹೋಗಿ ದಿನಗಳಾಗಿದ್ದವು. ಎಚ್ಚರಿಕೆ ಹೊರಟಿತು, ಕೇಳಬೇಕಾದವರಿಗೆ ಮುಟ್ಟಲಿಲ್ಲ. ದಡ ಮರೆಯಾದ ಮೇಲೆ ಮೊಬೈಲ್ ಫೋನ್ ಬರೀ ಟಾರ್ಚು. ನೂರಾರು ಮಂದಿ ಸತ್ತರು ಅಥವಾ ಕಾಣೆಯಾದರು. ಹಳೆಯ ಪದ್ಧತಿ ಈ ವಿಷಯದಲ್ಲಿ ಎಚ್ಚರದ್ದು. ಮಳೆಗಾಲದಲ್ಲಿ ಕಡಲಿಗೆ ಇಳಿಯದೆ, ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಅರ್ಪಿಸಿದ ಮೇಲಷ್ಟೇ ದೋಣಿ ನೂಕುವುದರಲ್ಲಿ ಭಕ್ತಿಯ ಜೊತೆಗೆ ಲೆಕ್ಕವೂ ಇತ್ತು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗಿರುವ 61 ದಿನಗಳ ನಿಷೇಧ ಮೀನಿನ ಸಂತತಿಗಾಗಿ ಬಂದದ್ದಾದರೂ ಆ ಲೆಕ್ಕವನ್ನೂ ಉಳಿಸಿದೆ. ಆದರೆ ತೌಕ್ತೆ ಬಂದದ್ದು ಮೇ ತಿಂಗಳಲ್ಲಿ, ಓಖಿ ನವೆಂಬರಿನಲ್ಲಿ. ಪಂಚಾಂಗ ಇವಕ್ಕೆ ಸಾಲದು. ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಕಳಿಸಬಲ್ಲ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಬೋಟುಗಳಿಗೆ ಹಾಕುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ಆರಂಭಿಸಿತು. ಒಳ್ಳೆಯದು. ಸಂದೇಶ ಬಂದ ಮೇಲೆ ಅರ್ಧ ತುಂಬಿದ ಐಸ್ ಪೆಟ್ಟಿಗೆ, ಡೀಸೆಲ್ ಸಾಲ, ಪಾಲಿಗೆ ದುಡಿಯುವ ಕಲಾಸಿಗಳ ಮುಖ ನೋಡಿಕೊಂಡು ಹಿಂದಿರುಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವನು ಬೋಟಿನ ನಾಯಕ, ತಂಡೇಲ. ಹಿಂದಿರುಗಿದ ದಿನದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ ಎಂಬುದಕ್ಕೆ ಉಪಗ್ರಹದಲ್ಲಿ ಉತ್ತರವಿಲ್ಲ. ಎಲ್ ಫಾರೊದ ಕ್ಯಾಪ್ಟನ್ನಿಗೂ ಮಲ್ಪೆಯ ತಂಡೇಲನಿಗೂ ನಡುವೆ ಸಂಬಳದ ಅಂತರ ಎಷ್ಟೇ ಇರಲಿ, ಇಬ್ಬರ ಹೆಗಲ ಮೇಲೂ ಕೂತದ್ದು ಇದೇ ಲೆಕ್ಕ.

ಡರ್ಬಿಶೈರ್‌ನ ಸತ್ಯ ಹೊರಬರಲು ಇಪ್ಪತ್ತು ವರ್ಷ ಬೇಕಾಯಿತು, ಅದೂ ಮನೆಯವರು ಬಿಡದೆ ಬೆನ್ನು ಹತ್ತಿದ್ದರಿಂದ. ನಮ್ಮ ಕಡಲಿನಲ್ಲಿ ನಡೆದ ಅಪಘಾತಗಳ ತನಿಖಾ ವರದಿಗಳನ್ನು ನೌಕಾಯಾನ ಮಹಾನಿರ್ದೇಶನಾಲಯವೂ ಮೀನುಗಾರಿಕಾ ಇಲಾಖೆಯೂ ಕನ್ನಡ, ಕೊಂಕಣಿ, ಮಲಯಾಳ, ತಮಿಳಿನಲ್ಲಿ, ಓದಿದರೆ ಅರ್ಥವಾಗುವ ಮಾತಿನಲ್ಲಿ ಅಚ್ಚು ಹಾಕಿಸಿ, ಮಂಗಳೂರಿನ ಧಕ್ಕೆ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಹಂಚಲಿ. ಮುಂದಿನ ಮಳೆಗಾಲಕ್ಕೆ ಮೊದಲೇ ಹಂಚಲಿ.